ಸೇತುವೆಯ ಮೇಲೆ ಕಾಳಗದ ತೀರ್ಪು

ಮಾರ್ಚ್ 4

ಮಗಳೇ,

ಬಸ್ಸು ಹಿಡಿಯುವ ಅವಸರದಲ್ಲಿ ನೀನು ಕೊಡೆ ಬಿಟ್ಟು ಹೋಗಿದ್ದೀಯ. ಅದು ಹಾಗಿರಲಿ. ನೀನು ಮೆಟ್ಟಿಲಿಳಿದು ಹೋದ ಮೇಲೆ ಇಲ್ಲಿ ನಡೆದದ್ದನ್ನು ಕೇಳು.

ಆಟ ಮುಗಿಸಿ ನಾವು ನಕ್ಷೆ ಮಡಚುತ್ತಿದ್ದೆವು. ಪಿಟೀಲು ಮೇಷ್ಟ್ರು ಗೊಂಬೆಗಳನ್ನು ಡಬ್ಬಿಗೆ ಹಾಕುತ್ತಿದ್ದರು. ಔಷಧಿ ಅಂಗಡಿಯಾಕೆ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಳು. ಅಷ್ಟರಲ್ಲಿ ನನ್ನ ಮಗ ಎದ್ದು ನಿಂತು, "ಇರಿ, ಯಾರೂ ಹೋಗ್ಬೇಡಿ. ಯುವರಾಜಂದು ಒಂದು ದೂರಿದೆ" ಎಂದ. ತಮಾಷೆ ಎಂದುಕೊಂಡೆ. ಕಿಸೆಯಿಂದ ಕಾಗದ ತೆಗೆದು ಓದಿದ. ಅವನು ಓದಿ ಮುಗಿಸುವಷ್ಟರಲ್ಲಿ ನನ್ನ ಕೈಯಲ್ಲಿದ್ದ ದಾಳ ಕೆಳಗೆ ಬಿದ್ದು ಬೀರುವಿನ ಅಡಿಗೆ ಉರುಳಿಹೋಗಿತ್ತು. ಇನ್ನೂ ಸಿಕ್ಕಿಲ್ಲ.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನಗಬೇಡ. ನಿವೃತ್ತಿಯಾಗುವವರೆಗೆ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡಿದವಳು ನಾನು. ಆರೋಪ ಹೊತ್ತವರಿಗೆ ದೂರಿನ ಪ್ರತಿ ಹಿನ್ನೆಲೆ ಸಮೇತ ಹೋಗಬೇಕು. ಮೇಜಿನಿಂದ ಎದ್ದ ಮೇಲೆ ಆಟದ ಮಾತೆಲ್ಲ ಕಾಗದದಲ್ಲೇ ಆಗಬೇಕು, ಫೋನಿನಲ್ಲಿ ಕೂಡದು ಎಂದು ನಾನು ಮೊದಲೇ ಕಟ್ಟುಮಾಡಿದ್ದು ಸುಮ್ಮನೆ ಅಲ್ಲ. ಇವತ್ತು ಬಾಯಲ್ಲಿ ಆಡಿದ್ದನ್ನು ನಾಳೆ ಇಲ್ಲವೆನ್ನುವವರನ್ನು ಜೀವಮಾನವಿಡೀ ನೋಡಿದ್ದೇನೆ.

ಹಿನ್ನೆಲೆ ಇದು. ಕೋಟೆ, ಕುದುರೆ, ಮಾಟಮಂತ್ರಗಳ ಒಂದು ಹಳೆಯ ಕಾಲದ ರಾಜ್ಯ. ಅದನ್ನು ತಲೆಯೊಳಗೆ ಕಟ್ಟಿದವಳು ನಾನು, ಆಟ ನಡೆಸುವವಳೂ ನಾನೇ. ನಾನು ಕಥೆ ಹೇಳುತ್ತೇನೆ, ನೀವು ನಿಮ್ಮ ನಿಮ್ಮ ಪಾತ್ರವಾಗಿ ಏನು ಮಾಡುತ್ತೀರೆಂದು ಹೇಳುತ್ತೀರಿ, ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನೀನು ಸೇತುವೆಯ ದಳಪತಿ. ನನ್ನ ಮಗ ಯುವರಾಜ. ಮೇಷ್ಟ್ರು ರಾಜಗುರು, ಔಷಧಿ ಅಂಗಡಿಯಾಕೆ ಕಾಡಿನ ಮಾಟಗಾತಿ. ನನ್ನ ಪಾಲಿಗೂ ಒಂದು ಸಣ್ಣ ಪಾತ್ರ ಇಟ್ಟುಕೊಂಡಿದ್ದೇನೆ: ಯುವರಾಜನ ತಾಯಿ, ರಾಜಮಾತೆ. ಒಂದು ಕಾಲಕ್ಕೆ ಕತ್ತಿ ಹಿಡಿದವಳು, ಈಗ ಎಲ್ಲರನ್ನೂ ಬೈಯುವುದೇ ಅವಳ ಕೆಲಸ.

ದೂರು ಇದು. ಚಳಿಗಾಲದ ಯುದ್ಧದಲ್ಲಿ ಶತ್ರುಗಳ ಗಾಯಾಳುಗಳಿಗೆ ಸೇತುವೆ ದಾಟಲು ದಳಪತಿ ಬಾಗಿಲು ತೆರೆದಳು, ಆದ್ದರಿಂದ ಅವಳು ರಾಜದ್ರೋಹಿ. ತೀರ್ಪು ಮಾತಿನಿಂದ ಬೇಡ, ಕಾಳಗದಿಂದ ಆಗಲಿ. ಗೆದ್ದವರದು ಸತ್ಯ.

ನೀನು ಬಾಗಿಲು ತೆರೆದ ದಿನ ಮೇಜು ಕುಟ್ಟಿ ಶಭಾಷ್ ಎಂದವನು ಇವನೇ ಕಣೇ! ನನಗೆ ತಲೆಬುಡ ತಿಳಿಯುತ್ತಿಲ್ಲ. "ಏನೋ ಇದು?" ಎಂದರೆ, "ಯುವರಾಜನ್ನ ಕೇಳಮ್ಮ" ಎಂದು ಕೆಳಗೆ ತನ್ನ ಕನ್ನಡಕದಂಗಡಿಗೆ ಇಳಿದುಹೋದ. ರಜೆಯ ದಿನ ಯಾವ ಕನ್ನಡಕ ಉಜ್ಜುವುದಿತ್ತೋ, ಸಂಜೆಯವರೆಗೂ ಯಂತ್ರ ಕಿರುಗುಡುತ್ತಿತ್ತು.

ಕಾಳಗ ಮೇ ತಿಂಗಳ ಮೊದಲ ಭಾನುವಾರ. ಅಲ್ಲಿಯವರೆಗೆ ಏಪ್ರಿಲ್ ಆಟ ಬಂದ್. ಒಪ್ಪಿದರೆ ಬರೆ. ಒಪ್ಪದಿದ್ದರೆ ದಳಪತಿ ಗಡೀಪಾರು. ಇನ್ನೊಂದು ಮಾತು, ಇದು ಆಟದ್ದಲ್ಲ. ಕಳೆದ ಬೇಸಿಗೆಯಲ್ಲಿ ಬೇರೆಯಾಗುವ ಕಾಗದಕ್ಕೆ ನೀವಿಬ್ಬರೂ ಸಹಿ ಹಾಕಿದಿರಿ. ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ.

ಇಂತಿ,
ನಿನ್ನ ಅತ್ತೆ


ಮಾರ್ಚ್ 11

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಕೆಲಸದ ನಡುವೆ ಒಡೆಯಬಾರದಿತ್ತು. ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿಕೊಂಡು ಓದಿದೆ. ಹೊರಗೆ ಕೈ ಮುರಿದವರು, ಕಾಲು ಉಳುಕಿದವರು ಸಾಲಾಗಿ ಕೂತಿದ್ದಾರೆ, ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ, ಒಳಗೆ ಯಂತ್ರದ ಮೇಲೆ ಒರಗಿ ನಿಂತವಳು ನಾನೊಬ್ಬಳೇ. ನರ್ಸಮ್ಮ ಬಾಗಿಲು ತಳ್ಳಿ, "ಯಾಕ್ರೀ ಮುಖ ಹೀಗೆ ಬಿಳಿಚ್ಕೊಂಡಿದೆ, ಯಾರಾದ್ರೂ ಹೋಗ್ಬಿಟ್ರಾ?" ಎಂದರು. "ಇಲ್ಲ ಸಿಸ್ಟರ್, ನನ್ನ ಮೇಲೆ ರಾಜದ್ರೋಹದ ಕೇಸು" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅಂದು ನನ್ನ ಕಪ್ಪಿಗೆ ಎರಡನೇ ಸಲ ಚಹಾ ಬಗ್ಗಿಸಿದ್ದು ನಿಮ್ಮ ಮಗನೇ. ಬಿಸ್ಕತ್ತಿನ ತಟ್ಟೆ ನನ್ನ ಕಡೆಗೆ ಸರಿಸಿದ್ದೂ ಅವರೇ. ಆಗಲೇ ಆ ದೂರು ಅವರ ಕಿಸೆಯಲ್ಲಿತ್ತೇ? ಚಹಾ ಬಗ್ಗಿಸುತ್ತಾ ನಾನು ಎದ್ದು ಹೋಗುವುದನ್ನೇ ಕಾಯುತ್ತಿದ್ದರೇ?

ಬೇರೆಯಾದ ಮೇಲೆ ನಾವು ಜಗಳವಾಡಿದ್ದಿಲ್ಲ. ಜಗಳವಾಡುವಷ್ಟು ಮಾತೂ ಉಳಿದಿರಲಿಲ್ಲ, ನಿಮಗೇ ಗೊತ್ತು. ಮೇಜಿನಲ್ಲಿ ಮಾತ್ರ ಯುವರಾಜ ದಳಪತಿಯ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅಷ್ಟಾದರೂ ಉಳಿದಿದೆ ಎಂದುಕೊಂಡಿದ್ದೆ.

ದಳಪತಿ ಒಪ್ಪಿದ್ದಾಳೆ. ಗಡೀಪಾರಾಗಲು ಅವಳೇನೂ ಕಳ್ಳಿಯಲ್ಲ. ಕಾಳಗ ಸೇತುವೆಯ ಮೇಲೆಯೇ ಆಗಲಿ. ಉದ್ದ ಕತ್ತಿ, ಗುರಾಣಿ. ನನ್ನ ಪರವಾಗಿ ಬೇರೆಯವರು ಬೇಡ, ನಾನೇ ನಿಲ್ಲುತ್ತೇನೆ. ಸೀಸದ ಮೇಲಂಗಿ ತೊಟ್ಟು ಇಡೀ ದಿನ ನಿಂತಿರುವವಳು ನಾನು, ಕವಚದ ಭಾರಕ್ಕೆ ದಳಪತಿ ಬೇಗ ಸುಸ್ತಾಗುವುದಿಲ್ಲ ಎಂದು ನಿಯಮದಲ್ಲಿ ಸೇರಿಸಿಕೊಳ್ಳಿ.

ಕೊಡೆ ನೀವೇ ಬಳಸಿ.

ಇಂತಿ,
ಏನೆಂದು ಸಹಿ ಹಾಕಬೇಕೋ ತಿಳಿಯದ
ಸೇತುವೆಯ ದಳಪತಿ


ಮಾರ್ಚ್ 30

ಮಗಳೇ,

ಸೊಸೆ ಎಂದೇ ಸಹಿ ಹಾಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಈ ವಾರವೆಲ್ಲ ನಾನು ಕಾಳಗ ಹೊಂದಿಸುವುದರಲ್ಲೇ ಮುಳುಗಿದ್ದೆ. ಮೇಷ್ಟ್ರನ್ನೂ ಮಾಟಗಾತಿಯನ್ನೂ ಕರೆಸಿ ಅಡುಗೆಮನೆಯ ಮೇಜಿನ ಮೇಲೆ ಆಡಿ ನೋಡಿದೆವು. ತರಕಾರಿ ಹೆಚ್ಚುವ ಹಲಗೆ ಸೇತುವೆಯಾಯಿತು, ಉಪ್ಪಿನ ಡಬ್ಬಿ ನೀನಾದೆ, ಮೆಣಸಿನ ಡಬ್ಬಿ ಯುವರಾಜ. ಮೇಷ್ಟ್ರು ಪಾಠದ ಅಭ್ಯಾಸದಂತೆ ಕಾಲಿನಿಂದ ತಾಳ ಹಾಕುತ್ತಾ ದಾಳ ಉರುಳಿಸುತ್ತಾರೆ, ನೋಡಿ ನಕ್ಕೂ ನಕ್ಕೂ ಸಾಕಾಯಿತು. ಎಷ್ಟು ಸಲ ಆಡಿದರೂ ಉಪ್ಪಿನ ಡಬ್ಬಿಯೇ ಗೆಲ್ಲುತ್ತಿತ್ತು. ಯುವರಾಜನ ಬಲಗಾಲು ಯುದ್ಧದಲ್ಲಿ ಮುರಿದದ್ದು ನೆನಪಿದೆಯಲ್ಲ, ಅವನು ನಿನ್ನೆದುರು ನಿಲ್ಲಲಾರ.

ನಿಯಮಗಳನ್ನೂ ಗಟ್ಟಿಮಾಡಿದೆ. ಒಂದು ಏಟಿಗೆ ಒಂದು ಸಲ ದಾಳ. ಯಾರಾದರೂ ತಾವಾಗಿ ಕತ್ತಿ ಇಳಿಸಿದರೆ ಸತ್ತಂತೆಯೇ ಲೆಕ್ಕ. ಇಬ್ಬರೂ ತಮ್ಮ ಪರವಾಗಿ ಬೇರೊಬ್ಬರನ್ನು ನಿಲ್ಲಿಸಬಹುದು, ರಾಜಮನೆತನದವರ ಹೆಸರು ಕೂಗಿದರೆ ಅವರು ಒಲ್ಲೆ ಎನ್ನುವಂತಿಲ್ಲ. ಸತ್ತವರನ್ನು ಮಾಟದಿಂದ ಎಬ್ಬಿಸುವಂತಿಲ್ಲ. ಇಷ್ಟು ಬರೆದು ಬೀಗುತ್ತಿದ್ದೆ. ಆಗ ಮೇಷ್ಟ್ರು ಕನ್ನಡಕ ಒರೆಸುತ್ತಾ, "ಅಲ್ಲಾ ಅಮ್ಮಾ, ಸೋತವರ ಕುರ್ಚಿ ಏನ್ಮಾಡ್ತೀರಿ?" ಎಂದರು.

ಹಳೆಯ ನಿಯಮದ ಪುಸ್ತಕ ತೆಗೆದು ನೋಡಿದೆ.

ಮರೆತೇಬಿಟ್ಟಿದ್ದೆ ಕಣೇ. ನೀರಿನ ಮೀಟರು ನೋಡುವವನು ನಮ್ಮ ಜೊತೆ ಆಡುತ್ತಿದ್ದನಲ್ಲ. ಅವನು ಬೇಕುಬೇಕೆಂದು ಸಾಯುವುದು, ಮುಂದಿನ ತಿಂಗಳು ಹೊಸ ಹೆಸರಿನಲ್ಲಿ ಎದ್ದು ಬರುವುದು, ಇದನ್ನೇ ಚಾಳಿ ಮಾಡಿಕೊಂಡಿದ್ದ. ಅದಕ್ಕೆ ಸಿಟ್ಟು ಬಂದು ನಾನೇ ನಿಯಮ ಮಾಡಿದೆ: ತೀರ್ಪಿನ ಕಾಳಗದಲ್ಲಿ ಪಾತ್ರ ಸತ್ತರೆ ಆ ಆಟಗಾರ ಮತ್ತೆ ಈ ಮೇಜಿಗೆ ಕೂರುವಂತಿಲ್ಲ, ಅವನ ಕುರ್ಚಿ ಕೆಳಗೆ ಅಂಗಡಿಗೆ. ಮರುತಿಂಗಳೇ ಆಟದಲ್ಲಿ ಅವನು ಸತ್ತ. ಇವತ್ತಿಗೂ ಗಿರಾಕಿಗಳು ಕನ್ನಡಕ ಹಾಕಿ ನೋಡಲು ಕೂರುವುದು ಅವನ ಕುರ್ಚಿಯಲ್ಲೇ.

ಅಂದರೆ ಮೇ ತಿಂಗಳಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರ ಕುರ್ಚಿ ಮೆಟ್ಟಿಲಿಳಿಯುತ್ತದೆ. ಎದ್ದವಳೇ ಅಂಗಡಿಗೆ ಹೋಗಿ, "ಕುರ್ಚಿ ನಿಯಮ ನಿಂಗೆ ನೆನಪಿರ್ಲಿಲ್ಲ ಅಲ್ವೇನೋ?" ಎಂದೆ. ಅವನು ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾ, ನನ್ನ ಕಡೆ ತಿರುಗದೆ, "ನೆನಪಿತ್ತಮ್ಮ" ಎಂದ. "ನಿಯಮ ಅಂದ್ರೆ ನಿಯಮ ಅಂತ ನೀನೇ ಹೇಳ್ತೀಯಲ್ಲ."

ಗೊತ್ತಿದ್ದೇ ಮಾಡಿದ್ದಾನೆ. ನಾನು ಹೆತ್ತ ಮಗ, ನನ್ನದೇ ಆಟದಿಂದ ನಿನ್ನನ್ನು ಬಾಗಿಲಾಚೆ ಹಾಕಲು ಹೊರಟಿದ್ದಾನೆ. ಮುರಿದ ಕಾಲಿನಲ್ಲಿ ಅದು ಹೇಗೆ ಗೆಲ್ಲುತ್ತಾನೋ ಕಾಣೆ. ಗಿರಾಕಿಯೊಬ್ಬ ಬಂದು "ಕೂರಬಹುದಾ?" ಎಂದು ಕೇಳಿದ ಮೇಲೆ ಮೆಟ್ಟಿಲು ಹತ್ತಿದೆ.

ಇಂತಿ,
ನಿನ್ನ ಅತ್ತೆ


ಏಪ್ರಿಲ್ 16

ಅತ್ತೆ,

ಉತ್ತರ ತಡವಾಯಿತು. ಬರೆದು ಹರಿದು ಹಾಕುತ್ತಿದ್ದೆ.

ನನಗೆ ಈ ಊರಿನಲ್ಲಿ ಕೆಲಸ ಇದೆ, ಬಾಡಿಗೆ ಮನೆ ಇದೆ, ಮಾತಾಡಿಸುವ ನೆರೆಯವರಿದ್ದಾರೆ. ಆದರೆ ನಾನು ಬಾಗಿಲು ತಟ್ಟುವ ಮೊದಲೇ "ಬಂದ್ಯೇನೇ?" ಎಂದು ಒಳಗಿನಿಂದ ಕೂಗುವ ಮನೆ ನಿಮ್ಮದೊಂದೇ. ಗಂಡನ ಜೊತೆ ಆಗಲಿಲ್ಲ, ಸರಿ. ಅದಕ್ಕೆ ಅತ್ತೆಯನ್ನೂ ಕಳೆದುಕೊಳ್ಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಆಟವಿಲ್ಲದಿದ್ದರೆ ಯಾವ ಹೆಸರಿನಲ್ಲಿ ನಿಮ್ಮ ಮನೆಗೆ ಬರಲಿ? "ಮಾಜಿ ಸೊಸೆ, ಸುಮ್ಮನೆ ಬಂದೆ" ಎನ್ನಲೇ?

ಆದರೂ ಯೋಚಿಸಿದೆ. ನಾನು ಗೆದ್ದರೆ ನಿಮ್ಮ ಮಗ ತಮ್ಮದೇ ಮನೆಯ ಮೇಜಿನಿಂದ ಏಳಬೇಕು. ನಾನು ಒಳಗೆ ನಗುತ್ತಾ ಕೂತಿರುವಾಗ ಅವರು ಕೆಳಗೆ ಅಂಗಡಿಯಲ್ಲಿ ಕೂರಬೇಕು. ಅಂಥ ಗೆಲುವು ನನಗೆ ಬೇಡ. ಸೇತುವೆಯ ಮೇಲೆ ನಿಂತ ಕೂಡಲೇ ದಳಪತಿ ಕತ್ತಿ ಇಳಿಸುತ್ತಾಳೆ. ಮೇಷ್ಟ್ರಿಗೂ ಮಾಟಗಾತಿಗೂ ನೀವೇ ಏನಾದರೂ ಹೇಳಿ.

ನಿಮ್ಮ ಸೊಸೆ


ಏಪ್ರಿಲ್ 19

ಇಳಿಸುತ್ತಾಳಂತೆ ಕತ್ತಿ! ಇಳಿಸಿ ನೋಡು.

ಒಂದು ಸುಳ್ಳು ದೂರಿಗೆ ತಲೆಬಾಗಿ ಹೋದರೆ ದಳಪತಿ ದ್ರೋಹಿಯೆಂದೇ ದಾಖಲೆಯಾಗುತ್ತದೆ. ಮಾಡದ ತಪ್ಪನ್ನು ಒಪ್ಪಿಕೊಂಡು ಕೂತವರ ಹೇಳಿಕೆಗಳನ್ನು ನಾನು ಟೈಪು ಮಾಡಿದ್ದೇನೆ. ಅವರನ್ನು ಕಂಡು ಅಯ್ಯೋ ಪಾಪ ಎಂದವರನ್ನು ನೋಡಿದ್ದೇನೆ, ಒಳ್ಳೆಯವರು ಎಂದವರನ್ನು ಒಬ್ಬರನ್ನೂ ನೋಡಿಲ್ಲ. ನನ್ನ ಮಗನ ಮೇಲೆ ನೀನು ಕನಿಕರ ತೋರಿಸಬೇಕಾಗಿಲ್ಲ, ಅದಕ್ಕೆ ನಾನಿದ್ದೇನೆ. ನನ್ನ ಮೇಜಿನಲ್ಲಿ ಕೂತವರು ಸರಿಯಾಗಿ ಆಡಬೇಕು, ಅಷ್ಟೇ.

ಬೆಳಗಿನ ಬಸ್ಸಿಗೇ ಬಾ. ಕತ್ತಿ ಮೇಲಿರಲಿ.

ಅತ್ತೆ


ಏಪ್ರಿಲ್ 24

ಆಟ ನಡೆಸುವವರಿಗೆ,

ಯುವರಾಜನ ಬಲಗಾಲು ಮುರಿದಿರುವುದು ತಮಗೆ ತಿಳಿದೇ ಇದೆ. ಆದ್ದರಿಂದ ಅವನು ನಿಯಮದ ಪ್ರಕಾರ ತನ್ನ ಪರವಾಗಿ ಕಾದಾಡಲು ರಾಜಮನೆತನದ ಒಬ್ಬರ ಹೆಸರು ಕೂಗುತ್ತಿದ್ದಾನೆ. ಆ ಹೆಸರು ರಾಜಮಾತೆ.

ಅಮ್ಮ, ಇಷ್ಟಕ್ಕೇ ನಿಲ್ಲಿಸಿ ಅಡುಗೆಮನೆಯಲ್ಲಿ ಇಟ್ಟುಹೋಗೋಣ ಎಂದಿದ್ದೆ. ಆಗಲಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ತಿಂಗಳ ಮೊದಲ ಭಾನುವಾರ ಬಂತೆಂದರೆ ನೀನು ಬೆಳಗ್ಗೆಯೇ ಎದ್ದು ಮನೆಯೆಲ್ಲ ಒರೆಸುತ್ತೀಯ. ಅವಳು ಬಂದ ಕೂಡಲೇ ನಿಮ್ಮಿಬ್ಬರ ನಗು ಶುರು. ನಾನು ಎದುರು ಕೂತು ಚಹಾ ಬಗ್ಗಿಸುತ್ತೇನೆ. ಅವಳು ಹೋದ ಮೇಲೆ ವಾರವಿಡೀ ಅವಳು ಹೇಳಿದ್ದು, ಅವಳು ನಕ್ಕಿದ್ದು, ಅವಳ ಆಸ್ಪತ್ರೆಯ ನರ್ಸಮ್ಮ, ಇದೇ ಮಾತು. ನಮ್ಮದು ಮುರಿದಾಗಿನಿಂದ ಒಂದು ದಿನ, ಒಂದೇ ಒಂದು ದಿನ, "ನಿಂಗೆ ಹೇಗಿದೆಯೋ?" ಎಂದು ನನ್ನನ್ನು ಕೇಳಿದ್ದೀಯಾ? ಅವಳನ್ನು ಮಾತ್ರ ನೀನು ಕೇಳಿದೆ. ನಾನು ಪಕ್ಕದ ಕೋಣೆಯಲ್ಲಿದ್ದೆ, ಕೇಳಿಸಿತು.

ಅವಳು ಕೆಟ್ಟವಳಲ್ಲ. ಆ ಗಾಯಾಳುಗಳಿಗೆ ಬಾಗಿಲು ತೆರೆದದ್ದೂ ಸರಿಯೇ. ಅವಳು ಎದುರಿಗೆ ಕೂತರೆ ನನಗೆ ಉಸಿರು ಕಟ್ಟುತ್ತದೆ, ನಾನು ಹೇಳುತ್ತಿರುವುದು ಅಷ್ಟೇ. ನೀನು ಯಾರ ಕಡೆ ಎಂದು ಬಾಯಿಬಿಟ್ಟು ಕೇಳಿದರೆ ಮಾತು ಹಾರಿಸುತ್ತೀಯ. ದಾಳ ಹಾಕಿ ಹೇಳು.

ಯುವರಾಜ


ಏಪ್ರಿಲ್ 25

ಮಗಳೇ,

ಅವನ ಕಾಗದದ ಪ್ರತಿ ಜೊತೆಗಿದೆ. ಪೂರ್ತಿ ಕಳಿಸುತ್ತಿದ್ದೇನೆ. ದೂರುದಾರನ ಹೇಳಿಕೆ ನಿನಗೆ ಸಿಗಬೇಕು, ನಾನು ಕತ್ತರಿ ಹಾಕಬಾರದು.

ನಿನ್ನೆ ಅದನ್ನು ಓದುವಾಗ ಒಲೆಯ ಮೇಲೆ ಹಾಲಿತ್ತು. ಉಕ್ಕಿ, ಹರಿದು, ಸೀದು ಹೋಗುವವರೆಗೂ ನನಗೆ ವಾಸನೆ ಬರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನಗೆ ನಾಟಿದ್ದು ಎರಡು. ನನ್ನ ಕೈಯಿಂದಲೇ ನಿನ್ನನ್ನು ಹೊಡೆಸಲು ಹೊರಟಿದ್ದಾನೆ ಎಂಬುದು ಒಂದು. ಅವನು ಕೇಳಿದ್ದು ನಿಜ ಎಂಬುದು ಇನ್ನೊಂದು. ನಾನು ಅವನನ್ನು ಕೇಳಿಯೇ ಇಲ್ಲ ಕಣೇ. ಎರಡು ಹೊತ್ತು ಎದುರುಬದುರು ಕೂತು ಊಟ ಮಾಡುತ್ತೇವೆ. ಗಂಡಸು, ಕೆಲಸಕ್ಕೆ ಹೋಗುತ್ತಾನೆ, ಉಣ್ಣುತ್ತಾನೆ, ಸರಿಯಾಗಿದ್ದಾನೆ ಎಂದುಕೊಂಡಿದ್ದೆ.

ಕೆಳಗೆ ಹೋದೆ. "ಏನೋ, ನಿಂಗೆ ಹೇಗಿದೆಯೋ?" ಎಂದೆ. ಬಾಗಿಲಲ್ಲಿ ನಿಂತು, ಹಾಗೆ ನೇರವಾಗಿ. ಅವನು ಒಂದು ಕ್ಷಣ ಯಂತ್ರ ನಿಲ್ಲಿಸಿದ. ಆಮೇಲೆ, "ಗಿರಾಕಿ ಇದ್ದಾರಮ್ಮ" ಎಂದ. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಈಗ ನನ್ನ ಕಷ್ಟ ಕೇಳು. ಹೆಸರು ಕೂಗಿದ ಮೇಲೆ ರಾಜಮಾತೆ ಒಲ್ಲೆ ಎನ್ನುವಂತಿಲ್ಲ. ನಾನೇ ಬರೆದ ನಿಯಮ. ಬೇಕೆಂದೇ ಕೆಟ್ಟದಾಗಿ ಆಡಿದರೆ ಅವನಿಗೆ ಮೋಸ. ಸರಿಯಾಗಿ ಆಡಿ ಗೆದ್ದರೆ ನೀನು ಹೋಗುತ್ತೀಯ. ಸರಿಯಾಗಿಯೇ ಆಡುತ್ತೇನೆ. ಬೇರೆ ಏನೂ ತೋಚುತ್ತಿಲ್ಲ.

ಅತ್ತೆ


ಏಪ್ರಿಲ್ 30

ಅತ್ತೆ,

ಓದಿದೆ. ನಿಂತಲ್ಲೇ ನಿಂತು ಮತ್ತೆ ಓದಿದೆ.

ಅವರಿಗೆ ಇಷ್ಟು ನೋವಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಜೊತೆಯಿದ್ದಷ್ಟು ಕಾಲ ಅವರು ಇಷ್ಟುದ್ದ ಯಾವತ್ತೂ ಮಾತಾಡಿರಲಿಲ್ಲ. ಜನರ ಮೂಳೆಯೊಳಗಿನ ಬಿರುಕು ನೋಡುವುದೇ ನನ್ನ ಕೆಲಸ, ಮನೆಯಲ್ಲಿದ್ದವರದು ಕಾಣಲಿಲ್ಲ ನೋಡಿ.

ಬರದೇ ಇದ್ದುಬಿಡೋಣ ಎನಿಸಿತು. ಬಾರದಿದ್ದರೆ ಓಡಿಹೋದಳು ಎಂದಾಗುತ್ತದೆ. ಬರುತ್ತೇನೆ. ಕತ್ತಿ ಮೇಲಿರುತ್ತದೆ, ನಿಮ್ಮ ಮಾತು ಮೀರುವುದಿಲ್ಲ. ಆದರೆ ನಿಮ್ಮ ಗೊಂಬೆಗೆ ಹೊಡೆಯಲು ನನ್ನ ಕೈ ಬರುತ್ತದೋ ಇಲ್ಲವೋ, ಅದಕ್ಕೆ ನಾನು ಹೊಣೆಯಲ್ಲ.

ಸೊಸೆ


ಮೇ 5

ಮಗಳೇ,

ನೀನು ಸೋತಿಲ್ಲ. ಮೊದಲು ಇದನ್ನು ಓದಿಕೊ, ಆಮೇಲೆ ಉಳಿದದ್ದು.

ನಾನು ಹಾಕಿದ ಮೊದಲ ದಾಳಕ್ಕೇ ನಿನ್ನ ಗುರಾಣಿ ಒಡೆಯಿತು, ಮುಂದಿನದಕ್ಕೆ ನೀನು ಮೊಣಕಾಲೂರಿದೆ, ನಿನ್ನ ಏಟು ಒಂದೂ ನನಗೆ ತಗಲಲಿಲ್ಲ. ಅಷ್ಟನ್ನು ನೀನೂ ನೋಡಿದೆ. ನೀನು ನೋಡದೇ ಇದ್ದದ್ದು ಒಂದಿದೆ. ನನಗೆ ಖುಷಿಯಾಗುತ್ತಿತ್ತು ಕಣೇ. ಇಷ್ಟು ಕಾಲ ಬೈಯುತ್ತಾ ಕೂತಿದ್ದ ಮುದುಕಿ ರಾಜಮಾತೆ ಕತ್ತಿ ಬೀಸುತ್ತಿದ್ದಾಳೆ, ದಾಳ ಹೇಳಿದಂತೆ ಬೀಳುತ್ತಿದೆ, ಮೇಷ್ಟ್ರು ಅಬ್ಬಬ್ಬಾ ಎನ್ನುತ್ತಿದ್ದಾರೆ. ಎದುರಿಗಿರುವುದು ನೀನೆಂದು ಮರೆತೇ ಹೋಗಿತ್ತು. ನೀನು ಎದ್ದು, ಬಿದ್ದ ಗೊಂಬೆಯನ್ನು ಸೇತುವೆಯ ಮೇಲೆ ನೆಟ್ಟಗೆ ನಿಲ್ಲಿಸಿ, "ಕೊನೇದು ಹಾಕಿ ಅತ್ತೆ, ನನ್ ಕೈಲಿ ನೋಡಕ್ಕಾಗಲ್ಲ" ಎಂದು ಚೀಲ ತೆಗೆದುಕೊಂಡು ಹೋದೆ. ಬಾಗಿಲು ಹಾಕಿಕೊಂಡ ಶಬ್ದಕ್ಕೆ ನನಗೆ ಎಚ್ಚರವಾಯಿತು. ಕೈಯಲ್ಲಿದ್ದ ದಾಳ ನೋಡಿ ನನಗೇ ಭಯವಾಯಿತು.

ಆಟಗಾರ ಎದ್ದು ಹೋದರೂ ಗೊಂಬೆ ನಿಂತಿದ್ದರೆ ಪಾತ್ರ ಬದುಕಿರುತ್ತದೆ. ದಳಪತಿ ನಿಂತಿದ್ದಳು. ಇನ್ನೊಂದು ಏಟಿಗೆ ಮುಗಿಯುತ್ತಿದ್ದಳು, ಅದು ಎಲ್ಲರಿಗೂ ಗೊತ್ತಿತ್ತು.

"ಹಾಕಮ್ಮ" ಎಂದ ನನ್ನ ಮಗ.

"ರಾಜಮಾತೆ ಕತ್ತಿ ಇಳಿಸಿದ್ದಾಳೆ" ಎಂದೆ. ದಾಳ ಮೇಜಿನ ನಡುವೆ ಇಟ್ಟೆ. ನನ್ನ ಗೊಂಬೆಯನ್ನು ನಾನೇ ಮಲಗಿಸಿದೆ.

ಔಷಧಿ ಅಂಗಡಿಯಾಕೆ "ಅಯ್ಯೋ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಇವನ ಮುಖ ಸುಣ್ಣದ ಹಾಗಾಯಿತು. "ಅಂದ್ರೆ ನೀನು ಅವಳ ಕಡೆ" ಎಂದ. ಆ ದನಿಯನ್ನು ನಾನು ಅವನು ಚಿಕ್ಕವನಿದ್ದಾಗಿನಿಂದ ಕೇಳಿರಲಿಲ್ಲ.

"ಅವಳ ಕಡೆಗೆ ನಿಂತಿದ್ರೆ ಮೊದಲ್ನೇ ಏಟಿಗೇ ಇಳಿಸ್ತಿದ್ದೆ" ಎಂದೆ. "ನಿನ್ನ ಪರವಾಗಿ ಕೈಲಾದಷ್ಟು ಹೊಡೆದೆ ಕಣೋ. ನೋಡಿದ್ಯಲ್ಲ. ಒಬ್ಳನ್ನ ಮನೆಯಿಂದ ಆಚೆ ಹಾಕೋ ಏಟು ಮಾತ್ರ ನನ್ ಕೈಲಿ ಆಗಲ್ಲ."

ಎದ್ದು ನನ್ನ ಕುರ್ಚಿಗೆ ಕೈ ಹಾಕಿದೆ. ಏನು ಮಾಡುತ್ತಿದ್ದೇನೆಂದು ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಮೇಷ್ಟ್ರಿಗೆ, ಅವರು ಎದ್ದು ನಿಂತರು. "ಅಮ್ಮ, ಅದು ನಿಂಗೆ ಅನ್ವಯಿಸಲ್ಲ, ನೀನು ಆಟ ನಡೆಸೋಳು!" ಎಂದು ಇವನು ಕಿರುಚಿದ. ತೀರ್ಪಿನ ಕಾಳಗದಲ್ಲಿ ಪಾತ್ರ ಸತ್ತರೆ ಕುರ್ಚಿ ಕೆಳಗೆ ಎಂದಷ್ಟೇ ನಾನು ಬರೆದಿರುವುದು, ಯಾರ ಪಾತ್ರ ಎಂದು ಬರೆದಿಲ್ಲ. ಅದನ್ನೇ ಹೇಳಿದೆ. ಈ ರಾಜ್ಯದ ಪ್ರತಿ ಕಲ್ಲನ್ನೂ ಇಟ್ಟವಳು ನಾನು, ಒಂದು ಮಧ್ಯಾಹ್ನದಲ್ಲಿ ಎದ್ದು ಬಂದೆ.

ಮೆಟ್ಟಿಲಲ್ಲಿ ಇವನು ಹಿಂದೆಯೇ ಬಂದು, "ಕೊಡಮ್ಮ, ಭಾರ ಇದೆ" ಎಂದ. ಕೊಡಲಿಲ್ಲ. ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಅದರಲ್ಲೇ ಕೂತೆ. ಅವನು ಮೀಟರಿನವನ ಕುರ್ಚಿಯಲ್ಲಿ ಕೂತ. ಸುತ್ತಲೂ ಕನ್ನಡಿಗಳು, ಎಲ್ಲಿ ನೋಡಿದರೂ ನಾವಿಬ್ಬರೇ. ಮತ್ತೆ ಕೇಳಿದೆ, "ನಿಂಗೆ ಹೇಗಿದೆಯೋ?" ಈ ಸಲ ಗಿರಾಕಿ ಇದ್ದಾರೆ ಎನ್ನಲಿಲ್ಲ. ಅವನು ಏನು ಹೇಳಿದನೆಂದು ಬರೆಯುವುದಿಲ್ಲ, ಅದು ಆಟದ ಮಾತಲ್ಲ.

ತೀರ್ಪು: ದಳಪತಿ ನಿರ್ದೋಷಿ. ನಿನ್ನ ಕುರ್ಚಿ ಇದ್ದಲ್ಲೇ ಇದೆ. ಆದರೆ ಮೇಜಿನ ಆ ತುದಿಯಲ್ಲಿ ಇನ್ನು ನಾನಿರುವುದಿಲ್ಲ.

ಅತ್ತೆ


ಮೇ 14

ಅತ್ತೆ,

ಏನು ಮಾಡಿಬಿಟ್ಟಿರಿ! ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಮುಗಿಯಿತು, ಇನ್ನು ಆ ಬೀದಿಗೆ ಹೋಗುವ ಹಾಗಿಲ್ಲ ಎಂದು ಅತ್ತುಕೊಂಡು ಬಂದವಳು ನಾನು. ಅದೇ ಹೊತ್ತಿಗೆ ನೀವು ಕುರ್ಚಿ ಹೊತ್ತು ಮೆಟ್ಟಿಲಿಳಿಯುತ್ತಿದ್ದಿರಿ! ಈಗಲೂ ನಂಬಲಾಗುತ್ತಿಲ್ಲ.

ನೀವಿಲ್ಲದ ಮೇಜಿಗೆ ನಾನು ಬಂದು ಏನು ಮಾಡಲಿ? ಗೆದ್ದಿದ್ದೇನೆ, ಸಂತೋಷ. ಆ ಕುರ್ಚಿಯನ್ನು ನಾನಾಗಿಯೇ ಬಿಡುತ್ತೇನೆ, ಕೆಳಗೆ ಒಯ್ಯಬೇಕಾಗಿಲ್ಲ. ನಿಮ್ಮ ಮಗ ಉಸಿರಾಡಲಿ.

ಜೂನ್ ಮೊದಲ ಭಾನುವಾರ ನೀವು ಇಲ್ಲಿಗೆ ಬನ್ನಿ. ನನ್ನದು ಸಣ್ಣ ಮೇಜು, ಒಂದು ಕಾಲು ಅಲುಗುತ್ತದೆ. ನರ್ಸಮ್ಮ ಬರುತ್ತಾರೆ, ಕೆಳಗಿನ ಮನೆಯ ಹೊಲಿಗೆಯಾಕೆ ಬರುತ್ತಾಳೆ. ಆಟ ನಾನು ನಡೆಸುತ್ತೇನೆ, ನೀವು ಬರೀ ಆಟಗಾರ್ತಿ. ನನ್ನ ನಿಯಮಗಳಲ್ಲಿ ಮೂಗು ತೂರಿಸಿದರೆ ದಂಡ.

ನಿಮ್ಮ ಸೊಸೆ


ಮೇ 29

ಹೆಸರಿಟ್ಟು ಕರೆದರೆ ಹೇಗೋ, ಕರೆಯದಿದ್ದರೆ ಹೇಗೋ ಎಂದು ತಿಳಿಯದೆ ಹಾಗೆಯೇ ಶುರು ಮಾಡುತ್ತಿದ್ದೇನೆ. ಬೇರೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು.

ಅಮ್ಮ ಕುರ್ಚಿ ಎತ್ತಿದಾಗಲೇ ನಾನು ಮಾಡಿದ್ದು ಏನೆಂದು ಗೊತ್ತಾಯಿತು. ನಿನ್ನನ್ನು ಎಬ್ಬಿಸಲು ಹೋಗಿ ಅವಳನ್ನು ಎಬ್ಬಿಸಿದೆ. ಇನ್ನೂ ಆ ಹೊಡೆತದಿಂದ ಚೇತರಿಸಿಕೊಂಡಿಲ್ಲ. ಅವಳು ಮಾತ್ರ ಈ ವಾರವೆಲ್ಲ ನಿನ್ನ ಆಟಕ್ಕೆ ಯಾವ ಪಾತ್ರವಾಗುವುದೆಂದು ನನ್ನ ತಲೆ ತಿನ್ನುತ್ತಿದ್ದಾಳೆ. ಕಳ್ಳಿಯಾಗುತ್ತಾಳಂತೆ.

ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಹತ್ತಿಸುತ್ತೇನೆ. ನೀನು ನಿಲ್ದಾಣಕ್ಕೆ ಹೋಗು. ಯಾರೂ ಬರಬೇಕಾಗಿಲ್ಲ ಎಂದು ನಿನಗೆ ಬರೆದಿರುತ್ತಾಳೆ, ನಂಬಬೇಡ. ಇಳಿಯುವಾಗ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ, ಕೈ ಕೊಟ್ಟರೆ ಬೈಯುತ್ತಾಳೆ, ಆದರೂ ಕೊಡು. ದಾಳದ ಚುಕ್ಕೆಗಳು ಅವಳಿಗೆ ಈಗ ಸರಿಯಾಗಿ ಕಾಣುವುದಿಲ್ಲ, ಯಾರಿಗೂ ಹೇಳಿಲ್ಲ. ಹೊಸ ಕನ್ನಡಕ ಮಾಡಿ ಚೀಲದಲ್ಲಿಟ್ಟಿದ್ದೇನೆ, ಹಾಕಿಸು.

ಸಂಜೆಯ ಬಸ್ಸಿಗೆ ತಪ್ಪದೆ ಹತ್ತಿಸು. ರಾತ್ರಿ ಉಳಿಸಿಕೊಳ್ಳಬೇಡ. ನನಗೂ ಅವಳೊಬ್ಬಳೇ ಅಮ್ಮ.

ಇಂತಿ,
ಅವಳ ಮಗ